ಮೊಬೈಲ್ ಮಗುವಿಗೆ ಪ್ರಶ್ನೆ ಕೇಳಲಿ

(ಸ್ವಸಹಾಯ ಸಂಘಗಳ ತಾಯಂದಿರ ಸಭೆಯಲ್ಲಿ ಜನವರಿ ಮೊದಲ ವಾರ ನೀಡಿದ ಉಪನ್ಯಾಸದ ಬರಹರೂಪ)



ಇದು ಕಾಫಿ ಕುಯ್ಲಿನ ಕಾಲ. ಬಟ್ಟೆ ಒಗೆಯೋದಕ್ಕೆ, ಸಂತೆಗೆ, ಸೌದೆಗೆ ಅಂತ ನಿಮಗೆ ಸಿಗುವುದು ಒಂದು ಭಾನುವಾರ. ಅದನ್ನೂ ಬಿಟ್ಟು ಬಂದಿದ್ದೀರಿ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ.

ಕಳೆದ ಎರಡು ತಿಂಗಳಿಂದ ನಾವು ಯಾವ ಸಂಘದ ವಾರದ ಸಭೆಗೆ ಹೋದರೂ, ಉಳಿತಾಯ ಕಟ್ಟಿ, ಸಾಲದ ಲೆಕ್ಕ ಮುಗಿದ ಮೇಲೆ ಒಂದೇ ಮಾತು ಬರುತ್ತದೆ. "ಸಿಸ್ಟರ್, ಮಗ ಹತ್ತನೇ ಕ್ಲಾಸು. ಕೈಯಿಂದ ಮೊಬೈಲ್ ಬಿಡ್ತಾ ಇಲ್ಲ. ನೀವಾದ್ರೂ ಬಂದು ಒಂದು ಮಾತು ಹೇಳಿ." ಒಬ್ಬ ತಾಯಿ ಅಂದರು, "ಕಿತ್ಕೊಂಡು ಒಲೆಗೆ ಹಾಕ್ಬಿಡ್ಲಾ ಅನ್ಸುತ್ತೆ ಸಿಸ್ಟರ್." ಪಕ್ಕದಲ್ಲಿದ್ದವರು, "ಒಲೆಗೆ ಹಾಕಿದ್ರೆ ಸಂಘದ ಸಾಲ ಯಾರಮ್ಮ ತೀರಿಸೋದು?" ಅಂದರು. ಎಲ್ಲರೂ ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಆ ಸಾಲ ತೆಗೆದುಕೊಳ್ಳಿ ಎಂದು ಹೇಳಿದವರು ನಾವೇ.

ನೆನಪಿದೆಯಲ್ಲ? 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಪಾಠ ಫೋನಿನಲ್ಲಿ ಅಂದರು. ನೆಟ್‌ವರ್ಕ್ ಸಿಗಲಿ ಅಂತ ಮಕ್ಕಳು ಗುಡ್ಡ ಹತ್ತಿ ಕುಳಿತರು. ಆಗ ನಾವು ಮನೆ ಮನೆಗೆ ಬಂದು, "ಮಗುವಿನ ಓದು ನಿಲ್ಲಬಾರದು, ಸಂಘದಿಂದ ಸಾಲ ಮಾಡಿಯಾದರೂ ಒಂದು ಫೋನ್ ಕೊಡಿಸಿ" ಎಂದೆವು. ನೀವು ಕೊಡಿಸಿದಿರಿ. ಶಾಲೆ ಮತ್ತೆ ತೆರೆಯಿತು. ಫೋನ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಅದನ್ನು ಹೇಗೆ ಬಳಸಬೇಕು ಎಂದು ಯಾರೂ ಹೇಳಿಕೊಡಲಿಲ್ಲ, ನಾವೂ ಹೇಳಿಕೊಡಲಿಲ್ಲ. ಆ ಬಾಕಿಯನ್ನು ತೀರಿಸಲು ಇವತ್ತು ನಿಮ್ಮ ಮುಂದೆ ನಿಂತಿದ್ದೇವೆ.

ನಮ್ಮದೇ ಒಂದು ತಪ್ಪು

ಉಪದೇಶ ಮಾಡುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. 2022ರಲ್ಲಿ ನಾವು ನೋಡಿಕೊಳ್ಳುತ್ತಿದ್ದ ಹೆಣ್ಣು ಮಕ್ಕಳ ಹಾಸ್ಟೆಲಿನಲ್ಲಿ ಪರೀಕ್ಷೆ ಹತ್ತಿರ ಬಂದಾಗ ಎಲ್ಲರ ಫೋನನ್ನೂ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಒಂದು ರಾತ್ರಿ ಒಬ್ಬ ಹುಡುಗಿಯ ಹೊದಿಕೆಯೊಳಗೆ ಬೆಳಕು ಕಾಣಿಸಿತು. ಯಾರಿಂದಲೋ ತಂದ ಇನ್ನೊಂದು ಫೋನು. ಎಲ್ಲರ ಮುಂದೆ ಗದರಿಸಿ, ಒಂದು ವಾರ ಮನೆಗೆ ಕಳುಹಿಸಿದೆವು. ಆ ಫೋನಿನಲ್ಲಿ ಏನಿದೆ ಎಂದು ಆಮೇಲೆ ನೋಡಿದೆವು. ರೀಲ್ಸೂ ಇತ್ತು, ಗೆಳತಿ ಕಳಿಸಿದ ಲೆಕ್ಕದ ಫೋಟೋಗಳೂ ಇದ್ದವು. ಎರಡೂ ಇದ್ದವು.

ಆ ಹುಡುಗಿ ಗಣಿತದಲ್ಲಿ ಫೇಲಾದಳು. ಮನೆಯಲ್ಲಿ, "ಫೇಲಾದ್ಲಲ್ಲ, ಇನ್ನು ಯಾಕೆ ಓದು" ಎಂದು ಗಂಡು ನೋಡಲು ಶುರು ಮಾಡಿದರು. ಅವಳಿಗಿನ್ನೂ ಹದಿನಾರು. ನಾವು ಎರಡು ಸಲ ಅವರ ಮನೆಗೆ ಹೋಗಿ ಕುಳಿತು, ಹದಿನೆಂಟಕ್ಕೆ ಮುಂಚೆ ಮದುವೆ ಕಾನೂನಿಗೆ ವಿರುದ್ಧ ಎಂದು ತಿಳಿಸಿ, ಪೂರಕ ಪರೀಕ್ಷೆ ಬರೆಸಿದೆವು. ಪಾಸಾದಳು. ಆದರೆ ಆ ಎರಡು ತಿಂಗಳು ಅವಳು ಪಟ್ಟ ಪಾಡಿನಲ್ಲಿ ನಮ್ಮ ಬೀಗಕ್ಕೂ ಪಾಲಿದೆ. "ಏನು ನೋಡ್ತಾ ಇದ್ದೀಯಮ್ಮ?" ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಆದ್ದರಿಂದ ಫೋನು ಓದಿನ ಶತ್ರು ಎಂದು ನಾವು ಈಗ ಹೇಳುವುದಿಲ್ಲ. ಅದು ಓದಿನ ಗೆಳೆಯ ಎಂದೂ ಹೇಳುವುದಿಲ್ಲ. ದೇಶದ ಹಳ್ಳಿಗಳಲ್ಲಿ ಮಕ್ಕಳ ಕಲಿಕೆಯನ್ನು ಸಮೀಕ್ಷೆ ಮಾಡುವ 'ಅಸರ್' 2024ರ ವರದಿಯ ಪ್ರಕಾರ, 14ರಿಂದ 16 ವರ್ಷದ ಮಕ್ಕಳಲ್ಲಿ 100ಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಗೊತ್ತು. ಹಾಗೆ ಗೊತ್ತಿರುವವರಲ್ಲಿ, ಸಮೀಕ್ಷೆಗೆ ಹಿಂದಿನ ಒಂದು ವಾರದಲ್ಲಿ ಓದಿನ ಕೆಲಸಕ್ಕೆ ಫೋನ್ ಬಳಸಿದವರು 100ಕ್ಕೆ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 100ಕ್ಕೆ 76. ಅಂದರೆ ಓದಿಗೆ ಬಳಸುವ ಅಭ್ಯಾಸ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಈಗಾಗಲೇ ಇದೆ. ನಾವು ಸೊನ್ನೆಯಿಂದ ಆರಂಭಿಸಬೇಕಾಗಿಲ್ಲ. ಇರುವುದನ್ನು ಸರಿಯಾದ ದಾರಿಗೆ ತಿರುಗಿಸಿದರೆ ಸಾಕು.

ನೋಡಿದ್ದೆಲ್ಲ ಕಲಿತಂತಲ್ಲ

"ಅಮ್ಮ, ನಾನು ಪಾಠಾನೇ ನೋಡ್ತಿರೋದು" ಎಂದು ಮಗ ಹೇಳುತ್ತಾನೆ. ಸುಳ್ಳು ಇರಲಿಕ್ಕಿಲ್ಲ. ವಿಜ್ಞಾನದ ವಿಡಿಯೋ ಓಡುತ್ತಿರುತ್ತದೆ. ಅರ್ಧ ಗಂಟೆ ನೋಡುತ್ತಾನೆ, ಎಲ್ಲಾ ಅರ್ಥವಾಯಿತು ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಕುಳಿತಾಗ ಮಾತ್ರ ಕೈ ಓಡುವುದಿಲ್ಲ. ಯಾಕೆ?

ನೀವೇ ಹೇಳಿ. ಅಕ್ಕಿ ರೊಟ್ಟಿ ತಟ್ಟೋದನ್ನ ಹತ್ತು ಸಲ ಪಕ್ಕದಲ್ಲಿ ಕೂತು ನೋಡಿದ ಮಾತ್ರಕ್ಕೆ ಹೊಸ ಸೊಸೆಗೆ ರೊಟ್ಟಿ ಬರುತ್ತಾ? ಹಿಟ್ಟು ಕೈಗೆ ಅಂಟಬೇಕು, ಎರಡು ರೊಟ್ಟಿ ಹರಿಯಬೇಕು, ಮೂರನೆಯದು ದಪ್ಪ ಆಗಬೇಕು. ಆಗ ಬರುತ್ತದೆ. ಓದೂ ಹಾಗೆಯೇ. ಪರೀಕ್ಷೆಯಲ್ಲಿ ಯಾರೂ ವಿಡಿಯೋ ತೋರಿಸುವುದಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಿಗೆ 80 ಅಂಕಗಳ ಲಿಖಿತ ಪರೀಕ್ಷೆ. ಮೂರು ಗಂಟೆ ಕಾಲ ಮಗು ತನ್ನ ತಲೆಯೊಳಗಿಂದ ಉತ್ತರವನ್ನು ಹೊರಗೆ ತೆಗೆದು ಕಾಗದದ ಮೇಲೆ ಇಡಬೇಕು. ಹೊರಗೆ ತೆಗೆಯುವ ಅಭ್ಯಾಸವನ್ನೇ ಮಾಡದೆ, ಒಳಗೆ ತುಂಬುತ್ತಾ ಹೋದರೆ ಏನು ಪ್ರಯೋಜನ?

ಇದು ನಮ್ಮ ಊಹೆಯಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದಿದ್ದರು. ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ, ವಾರಗಳು ಕಳೆದ ಮೇಲೆ ಬರುತ್ತದೆ. ಅದಕ್ಕೇ ಈ ಮಾತು ನಮಗೆ ಮುಖ್ಯ.

ನಾವು ಇವತ್ತು ಹೇಳಬೇಕಾದ ಮಾತು ಇಷ್ಟೇ: ಈಗ ಫೋನು ತೋರಿಸುತ್ತದೆ, ಮಗು ನೋಡುತ್ತದೆ. ಇನ್ನು ಮುಂದೆ ದಿನಕ್ಕೆ ಮುಕ್ಕಾಲು ಗಂಟೆ, ಫೋನು ಕೇಳಲಿ, ಮಗು ಹೇಳಲಿ.

ಮುಕ್ಕಾಲು ಗಂಟೆಯ ಕ್ರಮ

ಮಗುವಿನಿಂದ ಇಡೀ ಫೋನನ್ನು ಕಸಿಯಬೇಡಿ. "ದಿನಕ್ಕೆ ಎರಡು ಗಂಟೆ ಫೋನ್ ನೋಡ್ತೀಯ, ಅದರಲ್ಲಿ ಮುಕ್ಕಾಲು ಗಂಟೆ ಪರೀಕ್ಷೆಗೆ ಕೊಡು" ಎಂದು ಕೇಳಿ. ಇವತ್ತಿನಿಂದ ಮಾರ್ಚ್ ಮಧ್ಯದವರೆಗೆ 70 ದಿನ ಎಂದುಕೊಳ್ಳೋಣ. ದಿನಕ್ಕೆ 45 ನಿಮಿಷದಂತೆ 52 ಗಂಟೆಗೂ ಮೀರಿ ಆಗುತ್ತದೆ. ಆರು ವಿಷಯಗಳಿಗೆ ಹಂಚಿದರೆ ಒಂದೊಂದಕ್ಕೆ ಹೆಚ್ಚುಕಡಿಮೆ ಒಂಬತ್ತು ಗಂಟೆ. ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಕಟ್ಟಿ ಸಂಘ ಬೆಳೆಸಿದ ನಿಮಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ 45 ನಿಮಿಷವನ್ನು ಮೂರು ಭಾಗ ಮಾಡಿ.

ಮೊದಲ ಹದಿನೈದು ನಿಮಿಷ, ಹಳೆಯ ಪ್ರಶ್ನೆಗಳು. ಬಹುತೇಕ ಫೋನುಗಳಲ್ಲಿ ಧ್ವನಿ ಮುದ್ರಿಸುವ ವ್ಯವಸ್ಥೆ ಇರುತ್ತದೆ. ಮಗು ಹಿಂದಿನ ದಿನಗಳಲ್ಲಿ ತನ್ನದೇ ಧ್ವನಿಯಲ್ಲಿ ಮುದ್ರಿಸಿಟ್ಟ ಪ್ರಶ್ನೆಗಳನ್ನು ಹಾಕಿ ಕೇಳಬೇಕು. "ಮೂತ್ರಪಿಂಡದ ಕ್ರಿಯಾತ್ಮಕ ಘಟಕ ಯಾವುದು?" ಎಂದು ಫೋನು ಕೇಳುತ್ತದೆ. ಅಲ್ಲಿ ನಿಲ್ಲಿಸಿ, ಮಗು ಉತ್ತರ ಹೇಳಬೇಕು ಅಥವಾ ಬರೆಯಬೇಕು. ಆಮೇಲೆ ಮುಂದಕ್ಕೆ ಬಿಟ್ಟರೆ, "ನೆಫ್ರಾನ್" ಎಂದು ಫೋನೇ ಉತ್ತರ ಹೇಳುತ್ತದೆ. ತಪ್ಪಿದ ಪ್ರಶ್ನೆಗೆ ಪುಸ್ತಕದಲ್ಲಿ ಒಂದು ಗುರುತು.

ಎರಡನೇ ಹದಿನೈದು ನಿಮಿಷ, ಹೊಸ ಪಾಠದ ಒಂದು ಭಾಗ. ಸರಕಾರದ ಪಠ್ಯಪುಸ್ತಕದ ಪಾಠಗಳಲ್ಲಿ ಚೌಕಾಕಾರದ ಕ್ಯೂಆರ್ ಕೋಡ್ ಇರುವುದನ್ನು ನೀವು ನೋಡಿರಬಹುದು. ದೀಕ್ಷಾ ಎಂಬ ಆ್ಯಪಿನಲ್ಲಿ ಅದನ್ನು ಹಿಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಷಯ ತೆರೆದುಕೊಳ್ಳುತ್ತದೆ. ನಮ್ಮ ಕಡೆ ನೆಟ್‌ವರ್ಕ್ ಕಷ್ಟ. ಪೇಟೆಗೆ ಹೋದಾಗ ಅಥವಾ ಸಿಗ್ನಲ್ ಇರುವ ಕಡೆ ವಾರಕ್ಕೆ ಬೇಕಾದಷ್ಟನ್ನು ಡೌನ್‌ಲೋಡ್ ಮಾಡಿಟ್ಟುಕೊಂಡರೆ ಮನೆಯಲ್ಲಿ ಸಿಗ್ನಲ್ ಇಲ್ಲದೆಯೂ ನೋಡಬಹುದು. ಇದರಲ್ಲಿ ಇನ್ನೊಂದು ಲಾಭವಿದೆ. ಡೇಟಾ ಬಂದ್ ಮಾಡಿ ನೋಡಿದರೆ ನಡುವೆ ರೀಲ್ಸ್ ಬರುವುದಿಲ್ಲ, ಮೆಸೇಜಿನ ಟಣ್ ಟಣ್ ಇರುವುದಿಲ್ಲ.

ಮೂರನೇ ಹದಿನೈದು ನಿಮಿಷ, ಫೋನ್ ಅಡುಗೆಮನೆಯಲ್ಲಿ, ಮಗು ಪುಸ್ತಕದ ಮುಂದೆ. ಈಗ ತಾನೇ ನೋಡಿದ್ದರಲ್ಲಿ ನೆನಪಿರುವುದನ್ನೆಲ್ಲ ಖಾಲಿ ಹಾಳೆಯಲ್ಲಿ ಬರೆಯಬೇಕು. ಆಮೇಲೆ ಪಠ್ಯಪುಸ್ತಕ ತೆರೆದು ತಾಳೆ ನೋಡಬೇಕು. ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಬೇಕು. ಕೊನೆಗೆ ಫೋನ್ ತಂದು, ಐದು ಹೊಸ ಪ್ರಶ್ನೆಗಳನ್ನೂ ಉತ್ತರಗಳನ್ನೂ ಮುದ್ರಿಸಬೇಕು. ಒಳ್ಳೆಯ ಪ್ರಶ್ನೆ ಮಾಡಬೇಕಾದರೆ ಪಾಠ ಅರ್ಥವಾಗಿರಲೇಬೇಕು, ಹೌದಲ್ವಾ?

ಮುದ್ರಿಸಿದ ಪ್ರಶ್ನೆಗಳನ್ನು ಒಂದೇ ದಿನ ಹತ್ತು ಸಲ ಕೇಳುವುದು ಬೇಡ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ಹದಿನೈದು ದಿನ ಬಿಟ್ಟು ಒಮ್ಮೆ. ಸ್ವಲ್ಪ ಮರೆಯುವ ಹೊತ್ತಿಗೆ ಮತ್ತೆ ನೆನಪು ಮಾಡಿಕೊಂಡರೆ ಅದು ಗಟ್ಟಿಯಾಗುತ್ತದೆ. ಪಿ.ಯು.ಸಿ. ಮಕ್ಕಳಿಗೂ ಇದೇ ಕ್ರಮ ಸಾಕು.

ಗಣಿತಕ್ಕೆ ಒಂದು ಸಣ್ಣ ಬದಲಾವಣೆ ಬೇಕು. ಸಮಾಂತರ ಶ್ರೇಢಿ, ವರ್ಗ ಸಮೀಕರಣಗಳನ್ನು ಬಾಯಲ್ಲಿ ಹೇಳಿ ಕಲಿಯಲಾಗದು. ಅದಕ್ಕೆ ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಸಿಗುವ ಮಾದರಿ ಪ್ರಶ್ನೆಪತ್ರಿಕೆಗಳನ್ನು ಇಳಿಸಿಕೊಂಡು, ಫೋನಿನ ಗಡಿಯಾರದಲ್ಲಿ ಸಮಯ ಇಟ್ಟು, ಹಾಳೆಯಲ್ಲಿ ಲೆಕ್ಕ ಮಾಡಬೇಕು. ಈಗ ಲೆಕ್ಕದ ಫೋಟೋ ತೆಗೆದರೆ ಉತ್ತರವನ್ನೇ ಬಿಡಿಸಿ ಕೊಡುವ ಆ್ಯಪುಗಳು ಬಂದಿವೆ. ಅದನ್ನು ಮೊದಲು ತೆರೆದರೆ ಮಗುವಿನ ಬದಲು ಫೋನೇ ಪರೀಕ್ಷೆಗೆ ತಯಾರಾಗುತ್ತದೆ! ಮೊದಲು ತಾನೇ ಮಾಡಬೇಕು, ಆಮೇಲೆ ಎಲ್ಲಿ ತಪ್ಪಿದೆ ಎಂದು ನೋಡಲು ಬಳಸಬಹುದು. ಆ ಉತ್ತರಗಳೂ ಕೆಲವೊಮ್ಮೆ ತಪ್ಪಾಗಿರುತ್ತವೆ. ಸಂಶಯ ಬಂದರೆ ಶಿಕ್ಷಕರನ್ನೇ ಕೇಳಬೇಕು.

"ನನಗೆ ಓದೋಕೆ ಬರಲ್ಲ ಸಿಸ್ಟರ್"

ಈ ಕ್ರಮವನ್ನು ಒಂದು ಲೈನ್ ಮನೆಯಲ್ಲಿ ವಿವರಿಸಿದಾಗ ಒಬ್ಬ ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ, "ನನಗೆ ಓದೋಕೆ ಬರಲ್ಲ ಸಿಸ್ಟರ್. ಅವಳು ಸರಿ ಹೇಳಿದ್ಲೋ ತಪ್ಪು ಹೇಳಿದ್ಲೋ ನನಗೇನು ಗೊತ್ತಾಗುತ್ತೆ?" ಎಂದರು. ನಾವು ಫೋನನ್ನು ಅವರ ಕೈಗೆ ಕೊಟ್ಟೆವು. ಎಲ್ಲಿ ಒತ್ತಿದರೆ ನಿಲ್ಲುತ್ತದೆ, ಎಲ್ಲಿ ಒತ್ತಿದರೆ ಮುಂದೆ ಹೋಗುತ್ತದೆ ಎಂದು ತೋರಿಸಿದೆವು. ಮಗಳ ಧ್ವನಿ ಫೋನಿನಲ್ಲಿ ಪ್ರಶ್ನೆ ಕೇಳಿತು: "ಸಹಾಯಕ ಸೈನ್ಯ ಪದ್ಧತಿಯನ್ನು ಜಾರಿಗೆ ತಂದವರು ಯಾರು?" ಅಮ್ಮ ನಿಲ್ಲಿಸಿದರು. ಎದುರಿಗೆ ಕುಳಿತ ಮಗಳು, "ಡಾಲ್‌ಹೌಸಿ" ಎಂದಳು. ಅಮ್ಮ ಮತ್ತೆ ಒತ್ತಿದರು. ಫೋನು, "ಲಾರ್ಡ್ ವೆಲ್ಲೆಸ್ಲಿ, 1798" ಎಂದಿತು. ಅಮ್ಮ ಕೂಡಲೇ, "ಇಲ್ಲಮ್ಮ, ನೀನು ಹೇಳಿದ್ದು ಬೇರೆ, ಇದು ಹೇಳಿದ್ದು ಬೇರೆ" ಎಂದರು!

ಆ ಮಗಳು ನಾಚಿ ನಕ್ಕಳು. ತಾಯಿಯ ಮುಖ ನೋಡಬೇಕಿತ್ತು. ಹತ್ತು ವರ್ಷದಿಂದ "ಓದು, ಓದು" ಎಂದಷ್ಟೇ ಹೇಳುತ್ತಿದ್ದವರು ಅವತ್ತು ಮೊದಲ ಸಲ ಮಗಳಿಗೆ ಪಾಠ ಕೇಳಿದರು. ಅಕ್ಷರ ಬಾರದ ತಾಯಿಗೂ ಕಿವಿ ಇದೆ. ಅಷ್ಟು ಸಾಕು. ಸಾಯಂಕಾಲ ಬೆನ್ನು ನೋವಿನಲ್ಲಿ ಗೋಡೆಗೆ ಒರಗಿ ಕುಳಿತಾಗಲೂ ಹದಿನೈದು ನಿಮಿಷ ಫೋನ್ ಹಿಡಿದು ಪ್ರಶ್ನೆ ಕೇಳಬಹುದು.

ಮನೆಯಲ್ಲಿ ಪಾಲಿಸಬೇಕಾದ ಕೆಲವು ಮಾತುಗಳು

ಒಂದು, ಸಮಯ ನಿಗದಿ ಮಾಡಿ. ಬಹಳಷ್ಟು ಮನೆಯಲ್ಲಿ ಫೋನ್ ಒಂದೇ, ಅದೂ ಅಪ್ಪನ ಜೇಬಿನಲ್ಲಿ. ತಂದೆಯಂದಿರೇ, ಸಂಜೆ ಏಳರಿಂದ ಏಳೂ ಮುಕ್ಕಾಲರವರೆಗೆ ಆ ಫೋನು ಮಗುವಿನದು ಎಂದು ಮಾತು ಕೊಡಿ. ಆ ಹೊತ್ತಿನಲ್ಲಿ ಟಿ.ವಿ. ಆಫ್. ಧಾರಾವಾಹಿ ಒಂದು ಕಂತು ತಪ್ಪಿದರೆ ಕಥೆ ಎಲ್ಲಿಗೂ ಓಡಿಹೋಗುವುದಿಲ್ಲ.

ಎರಡು, ಹೆಣ್ಣು ಮಕ್ಕಳ ವಿಷಯ. ಗಂಡು ಹುಡುಗನ ಕೈಯಲ್ಲಿ ಫೋನ್ ಇದ್ದರೆ "ಆಡ್ಲಿ ಬಿಡಿ" ಅನ್ನುತ್ತೇವೆ. ಹುಡುಗಿಯ ಕೈಯಲ್ಲಿದ್ದರೆ ಅನುಮಾನ. ಕುಯ್ಲಿನ ಕಾಲದಲ್ಲಿ ನೀರು, ಅಡುಗೆ, ತಮ್ಮ ತಂಗಿ ಎಲ್ಲವೂ ಅವಳ ತಲೆಯ ಮೇಲೆ. ಈ ಮುಕ್ಕಾಲು ಗಂಟೆ ಅವಳಿಗೂ ಸಿಗಬೇಕು. ಅಷ್ಟು ಹೊತ್ತು ಪಾತ್ರೆ ಕಾಯಲಿ.

ಮೂರು, ಫೋನಿನ ಸೆಟ್ಟಿಂಗ್ಸಿನಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್' ಎಂಬ ಜಾಗವಿದೆ. ಯಾವ ಆ್ಯಪಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಹೋಯಿತು ಎಂದು ಅದು ತೋರಿಸುತ್ತದೆ. ಒಂದು ಆ್ಯಪಿಗೆ ಇಂತಿಷ್ಟೇ ನಿಮಿಷ ಎಂದು ಮಿತಿ ಹಾಕಲೂ ಬಹುದು. ಇದನ್ನು ಕದ್ದು ನೋಡಬೇಡಿ. ಮಗುವಿನ ಜೊತೆ ಕುಳಿತು ನೋಡಿ. ನಿಮ್ಮ ಫೋನಿನದ್ದನ್ನೂ ಮಗುವಿಗೆ ತೋರಿಸಿ. ನಾವು ಸಿಸ್ಟರ್‌ಗಳೂ ನಮ್ಮದನ್ನು ನೋಡಿಕೊಂಡೆವು. ವಾಟ್ಸಾಪಿನ ಲೆಕ್ಕ ನೋಡಿ ನಮಗೇ ನಾಚಿಕೆಯಾಯಿತು.

ನಾಲ್ಕು, ರಾತ್ರಿ ಮಲಗುವಾಗ ಎಲ್ಲರ ಫೋನೂ ಅಡುಗೆಮನೆಯಲ್ಲಿ. ಕಲಿತದ್ದು ನೆನಪಿನಲ್ಲಿ ನೆಲೆಯೂರಲು ನಿದ್ದೆ ಬೇಕು. ಬೆಳಿಗ್ಗೆ ಏಳಲು ಅಲಾರಂ ಬೇಕಾದರೆ ಸಾಮಾನ್ಯ ಗಡಿಯಾರ ಸಾಕು.

ಐದು, ಪರೀಕ್ಷೆಯ ಹಿಂದಿನ ದಿನ "ಪ್ರಶ್ನೆಪತ್ರಿಕೆ ಸಿಕ್ಕಿದೆ, ಹಣ ಕಳಿಸಿ" ಎಂಬ ಸಂದೇಶ ಬಂದರೆ ಹಣವನ್ನೂ ಕಳಿಸಬೇಡಿ, ಮುಂದಕ್ಕೂ ಕಳಿಸಬೇಡಿ. ಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸಿ.

ಕೈ ಮೀರಿದಾಗ

ಕೆಲವು ಮಕ್ಕಳಿಗೆ ಇದು ಸುಲಭವಾಗುವುದಿಲ್ಲ. ಫೋನ್ ಕೇಳಿದರೆ ಸಾಮಾನು ಎಸೆಯುವುದು, ಊಟ ಬಿಡುವುದು, ರಾತ್ರಿಯಿಡೀ ಎಚ್ಚರ ಇರುವುದು, ಆಟದಲ್ಲಿ ಹಣ ಕಳೆಯುವುದು ಕಂಡರೆ ಹೊಡೆದು ಸರಿ ಮಾಡಲು ಹೋಗಬೇಡಿ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು 'ಶಟ್' ಎಂಬ ಕ್ಲಿನಿಕ್ ಆರಂಭಿಸಿದೆ. ಅಂದರೆ ಇದು ನಿಮ್ಮ ಮನೆಯೊಂದರ ಮಾನದ ಪ್ರಶ್ನೆಯಲ್ಲ, ಎಷ್ಟೋ ಮನೆಗಳ ಕಷ್ಟ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರುಗಳನ್ನು ಮಗುವಿನ ಕೈಯಲ್ಲೇ ಫೋನಿನಲ್ಲಿ ಬರೆಸಿಡಿ.

ಮತ್ತೊಂದು ಮಾತನ್ನು ಮಕ್ಕಳಿಗೆ ಈಗಲೇ ಹೇಳಿ, ಫಲಿತಾಂಶದ ದಿನಕ್ಕೆ ಕಾಯಬೇಡಿ: "ಅಂಕ ಕಡಿಮೆ ಬಂದರೂ ಈ ಮನೆ ನಿನ್ನದೇ." ಒಂದೇ ವರ್ಷದಲ್ಲಿ ಮತ್ತೊಮ್ಮೆ ಪರೀಕ್ಷೆ ಬರೆಯುವ ಅವಕಾಶ ಇದೆ. ಮಗು ಮತ್ತೊಮ್ಮೆ ಸಿಗುವುದಿಲ್ಲ.

ಈ ವಾರವೇ ಆರಂಭಿಸೋಣ

ನಾವು ಸಂಘಗಳ ಮುಂದೆ ಒಂದು ಬೇಡಿಕೆ ಇಡುತ್ತೇವೆ. ಈ ವಾರದ ಸಭೆಯ ನಡಾವಳಿ ಪುಸ್ತಕದಲ್ಲಿ ಒಂದು ನಿರ್ಣಯ ಬರೆಯಿರಿ. ಸಂಘದಲ್ಲಿ ಹತ್ತನೇ ತರಗತಿ, ಪಿ.ಯು.ಸಿ. ಮಕ್ಕಳಿರುವ ತಾಯಂದಿರು ಯಾರು ಯಾರು ಎಂದು ಗುರುತಿಸಿ. ವಾರಕ್ಕೊಮ್ಮೆ ಉಳಿತಾಯದ ಲೆಕ್ಕ ಕೇಳುವ ಹಾಗೆಯೇ, "ಮಗು ಈ ವಾರ ಎಷ್ಟು ಪ್ರಶ್ನೆ ಮುದ್ರಿಸಿತು? ಎಷ್ಟು ದಿನ ನೀವು ಕೇಳಿದಿರಿ?" ಎಂದು ಕೇಳಿ. ದಿನಕ್ಕೆ ಐದು ಪ್ರಶ್ನೆಯಾದರೆ ಎಪ್ಪತ್ತು ದಿನಕ್ಕೆ 350 ಪ್ರಶ್ನೆ. ಫೋನ್ ಇಲ್ಲದ ಮನೆಯ ಮಗು ಪಕ್ಕದ ಮನೆಗೆ ಬಂದು ಕೂರಲಿ. ಇಬ್ಬರಾದರೆ ಒಬ್ಬರಿಗೊಬ್ಬರು ಕೇಳುತ್ತಾರೆ, ಇನ್ನೂ ಒಳ್ಳೆಯದೇ. ಫೋನ್ ಬಳಸಲು ಗೊತ್ತಾಗದ ತಾಯಂದಿರಿಗೆ ನಮ್ಮ ಕಾರ್ಯಕರ್ತೆಯರು ಮನೆಗೆ ಬಂದು ಹೇಳಿಕೊಡುತ್ತಾರೆ.

ಸಾಲ ಮಾಡಿ ಫೋನ್ ಕೊಡಿಸಿ ಎಂದು ಹೇಳಿದ ನಾವು, ಅದನ್ನು ಬಳಸುವ ದಾರಿ ಹೇಳಲು ಇಷ್ಟು ವರ್ಷ ತಡ ಮಾಡಿದೆವು. ಕ್ಷಮೆಯಿರಲಿ. ಇವತ್ತು ಮನೆಗೆ ಹೋಗಿ, ಕಾಲು ತೊಳೆದು, ಕಾಫಿ ಕುಡಿದು, ಮಗುವಿನ ಪಕ್ಕ ಕುಳಿತು ಒಂದೇ ಮಾತು ಹೇಳಿ: "ಬಾ ಮಗ, ಇವತ್ತು ನಾನು ಪ್ರಶ್ನೆ ಕೇಳ್ತೀನಿ."